ಕುದಾಪುರದ ಬಯಲಲ್ಲಿ ಅಂಬಾಸಿಡರ್‌ಗೆ ಹೊಸ ಕಿಡಿ

ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ ಹೊರಟವರಿಗೆ ಮೊದಲು ಎಣ್ಣೆ ಮಿಲ್ಲುಗಳು, ಆಮೇಲೆ ಶೇಂಗಾ ಹೊಲ, ಆಮೇಲೆ ಜಾಲಿ ಗಿಡಗಳ ನಡುವೆ ಹಬ್ಬಿದ ಹುಲ್ಲುಬಯಲು ಸಿಗುತ್ತದೆ. ಬಯಲಿನ ಅಂಚಿಗೆ ಕಾಂಪೌಂಡು, ಗೇಟು, ಕಾವಲಿನವರು. ಇದು ಕುದಾಪುರ. ತಾಲ್ಲೂಕಿನ ಲೆಕ್ಕಕ್ಕೆ ಚಳ್ಳಕೆರೆ, ವಿಧಾನಸಭೆಯ ಲೆಕ್ಕಕ್ಕೆ ಮೊಳಕಾಲ್ಮುರು. ಮಳೆ ಕಡಿಮೆ, ಗಾಳಿ ಹೆಚ್ಚು, ಧೂಳಿಗೆ ಬರವಿಲ್ಲ.

ಬೆಂಗಳೂರಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇಲ್ಲಿಗೆ ಬಂದ ಮೇಲೆ. 1,500 ಎಕರೆ ಜಾಗ. ನಾಡಿನ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರು ಇಲ್ಲಿಗೆ ಬಂದು ಉಳಿದು, ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಹೋಗುತ್ತಾರೆ. ಅಕ್ಕಪಕ್ಕದ ಕಾವಲುಗಳಲ್ಲಿ ಡಿಆರ್‌ಡಿಒ, ಇಸ್ರೋ, ಬಾರ್ಕ್ ಸಂಸ್ಥೆಗಳಿಗೂ ಭೂಮಿ ಸಿಕ್ಕಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನಾಗಿಯೇ ಬಂದಿಳಿದದ್ದು ಈ ಸೀಮೆಯ ಡಿಆರ್‌ಡಿಒ ರನ್‌ವೇ ಮೇಲೆ.

ಅದಕ್ಕೂ ಮೊದಲು ಈ ಬಯಲು ಅಮೃತ್ ಮಹಲ್ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ, ಬೆಣ್ಣೆ ಚಾವಡಿ ಎಂಬ ದನ ಸಾಕಣೆಯ ಇಲಾಖೆಯನ್ನು ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಎಂದು ಕರೆದ. ದಂಡಿನ ಫಿರಂಗಿ, ಸಾಮಾನು ಎಳೆಯುವ ಎತ್ತುಗಳ ತಳಿ ಇಂಥ ಕಾವಲುಗಳಲ್ಲಿ ಮೇದು ಬೆಳೆಯಿತು. ಕಾವಲನ್ನೇ ನಂಬಿದ್ದ ಕುರಿಗಾಹಿಗಳ ಪರವಾಗಿ, ಇಲ್ಲಿನ ಹುಲ್ಲುಗಾವಲಿನ ಪರವಾಗಿ ಮೊಕದ್ದಮೆ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. ಅದು ದೊಡ್ಡ ಸಂಗತಿ, ಬೇರೆಯೇ ಲೇಖನ ಬೇಡುವಂಥದ್ದು. ನನ್ನ ಇಂದಿನ ಕೆಲಸ ಈ ಗೇಟುಗಳ ಹೊರಗಿನದು. ರಸ್ತೆಯಿಂದ ತುಸು ಒಳಗೆ, ತೋಟದ ಮನೆಯೊಂದರ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಒಂದು ಅಂಬಾಸಿಡರ್ ಬಾನೆಟ್ ಎತ್ತಿಕೊಂಡು ನಿಂತಿದೆ. ಅದಕ್ಕೆ ಇವತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸುತ್ತಾರೆ.

ಕಾರು ಮಾರ್ಕ್ 2. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, ಕೋಲ್ಕತ್ತ ಬಳಿಯ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಟ್ಟಿದ ಗಾಡಿ. 1489 ಸಿಸಿ ಪೆಟ್ರೋಲ್ ಇಂಜಿನ್. ಮನೆಯ ಹಿರಿಯರು ಶೇಂಗಾ ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ಕೊಂಡದ್ದಂತೆ. ಈಗಿನ ಯಜಮಾನರಿಗೆ ಅದನ್ನು ಮಾರುವ ಮನಸ್ಸಿಲ್ಲ. ಆದರೆ ಬೇಸಿಗೆಯಲ್ಲಿ ಅದು ಎಲ್ಲಿ ನಿಲ್ಲುತ್ತದೋ ಹೇಳುವಂತಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವಾಗ ದಾರಿಯಲ್ಲೇ ನಿಂತದ್ದನ್ನು ಅವರ ಮನೆಯವರು ಇನ್ನೂ ಮರೆತಿಲ್ಲ.

ಚಳ್ಳಕೆರೆಯಿಂದ ಬಂದ ಎಲೆಕ್ಟ್ರಿಷಿಯನ್ ಇನ್ನೂ ಹರೆಯದವನು. ಟ್ರ್ಯಾಕ್ಟರ್, ಲಾರಿ, ಬೋರ್‌ವೆಲ್ ಗಾಡಿ ಎಲ್ಲದರ ವೈರಿಂಗ್ ಅವನ ಕೈಯಲ್ಲೇ. ಚೀಲದಿಂದ ತೆಗೆದದ್ದು ಮಲ್ಟಿಮೀಟರ್, ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್, ಫೀಲರ್ ಗೇಜ್, ಕ್ರಿಂಪಿಂಗ್ ಇಕ್ಕಳ, ಒಂದು ಉಪ್ಪುಕಾಗದದ ತುಂಡು. ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್‌ನ ಡಬ್ಬಿ ಇನ್ನೂ ತೆರೆದಿಲ್ಲ. ಅದನ್ನು ಸೀಟಿನ ಮೇಲಿಟ್ಟು ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳದ ಎರಡು ಕ್ಲಿಪ್ ಬಿಚ್ಚಿದ.

"ನೋಡ್ರಿ ಸಾರ್, ಪಾಯಿಂಟ್ ಹೆಂಗೈತೆ."

ನೋಡಿದೆ. ಎರಡು ಪುಟ್ಟ ಲೋಹದ ಗುಂಡಿಗಳು ಮುಖಕ್ಕೆ ಮುಖ ಕೊಟ್ಟು ಕೂತಿವೆ. ಒಂದರ ಮೇಲೆ ಸುಟ್ಟು ಕಪ್ಪಾದ ಗುಳಿ, ಇನ್ನೊಂದರ ಮೇಲೆ ಅದೇ ಅಳತೆಯ ಗುಬುಟು. ಸುತ್ತ ಕೆಂಪು ಧೂಳು ಗ್ರೀಸಿನ ಜೊತೆ ಸೇರಿ ಅಂಟಾಗಿದೆ. ನಡುವಿನ ಕ್ಯಾಮಿನ ನಾಲ್ಕು ಮೂಲೆಗಳನ್ನು ಉಜ್ಜಿಕೊಂಡು ಪಾಯಿಂಟನ್ನು ತೆರೆಯುವ ಫೈಬರ್ ಹಿಮ್ಮಡಿ ಅರ್ಧ ಸವೆದಿದೆ. ಕಂಪನಿ ಹೇಳಿದ ಗ್ಯಾಪ್ ಇಂಚಿನ ಸಾವಿರ ಭಾಗದಲ್ಲಿ 14ರಿಂದ 16. ಮಿಲಿಮೀಟರಿನಲ್ಲಿ ಸುಮಾರು 0.35ರಿಂದ 0.40. ಇಲ್ಲಿ ಅಷ್ಟೂ ಉಳಿದಿರಲಿಲ್ಲ.

ಈ ಚಿಕ್ಕ ಗುಂಡಿಗಳು ಮಾಡುವ ಕೆಲಸ ದೊಡ್ಡದು. ಕೀ ತಿರುಗಿಸಿದಾಗ ಬ್ಯಾಟರಿಯ 12 ವೋಲ್ಟ್ ಸ್ವಿಚ್ ಮೂಲಕ ಕಾಯಿಲ್‌ಗೆ ಬರುತ್ತದೆ. ಕಾಯಿಲ್‌ನ ದಪ್ಪ ಸುತ್ತಿನಲ್ಲಿ ಹರಿದು, ಮುಚ್ಚಿದ ಪಾಯಿಂಟ್ ದಾಟಿ, ಬಾಡಿಗೆ ಸೇರುತ್ತದೆ. ಕ್ಯಾಮಿನ ಮೂಲೆ ಬಂದು ಪಾಯಿಂಟ್ ತೆರೆದ ಗಳಿಗೆಯಲ್ಲಿ ಆ ಹರಿವು ಕಡಿಯುತ್ತದೆ. ಕಾಯಿಲ್‌ನೊಳಗಿನ ಕಾಂತಕ್ಷೇತ್ರ ಕುಸಿಯುತ್ತದೆ, ತೆಳು ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟುತ್ತದೆ, ರೋಟರ್ ಅದನ್ನು ಸರದಿಯ ಪ್ಲಗ್ಗಿಗೆ ಹಂಚುತ್ತದೆ. ಈ ಇಂಜಿನ್ನಿನಲ್ಲಿ ಸರದಿ 1-3-4-2. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸೆಕೆಂಡಿಗೆ ನೂರು ಕಿಡಿ. ಅಂದರೆ ಆ ಪಾಯಿಂಟ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು. ಪಕ್ಕದ ಕಂಡೆನ್ಸರ್ ತೆರೆಯುವಾಗಿನ ಸಿಡಿತವನ್ನು ನುಂಗಿಕೊಳ್ಳುತ್ತದೆ. ಆದರೂ ಸ್ವಲ್ಪ ಸ್ವಲ್ಪವಾಗಿ ಲೋಹ ಸುಡುತ್ತದೆ. ಹಿಮ್ಮಡಿ ಸವೆದಂತೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ತಡವಾಗುತ್ತದೆ, ಇಂಜಿನ್ ಎಳೆತ ಕಳೆದುಕೊಂಡು ಕಾಯುತ್ತದೆ.

ಈ ಏರ್ಪಾಡಿನ ಹಿಂದಿರುವವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಬೆಂಗಳೂರಿನಲ್ಲಿ ವಿಜ್ಞಾನ ಸಂಸ್ಥೆ ಸ್ಥಾಪನೆಯಾದ 1909ರಲ್ಲೇ ಅವನು ಒಹಾಯೊದ ಡೇಟನ್‌ನಲ್ಲಿ ಡೆಲ್ಕೋ ಕಂಪನಿ ಕಟ್ಟಿದ. ಬ್ಯಾಟರಿ, ಕಾಯಿಲ್, ಪಾಯಿಂಟ್ ಕೂಡಿದ ಅವನ ಇಗ್ನಿಷನ್ 1910ರ ಕ್ಯಾಡಿಲಾಕ್‌ನಲ್ಲಿ ಬಂತು. ಮುಂದಿನ ಅರವತ್ತು ವರ್ಷಕ್ಕೂ ಮೀರಿ ಜಗತ್ತಿನ ಬಹುಪಾಲು ಪೆಟ್ರೋಲ್ ಕಾರುಗಳು ಅದೇ ದಾರಿಯಲ್ಲಿ ಓಡಿದವು. ನಮ್ಮಲ್ಲಿ 1961ರಲ್ಲಿ ಸ್ಥಾಪನೆಯಾದ ಮದ್ರಾಸಿನ ಲೂಕಾಸ್-ಟಿವಿಎಸ್ ಡಿಸ್ಟ್ರಿಬ್ಯೂಟರ್, ಕಾಯಿಲ್ ಕೊಟ್ಟರೆ, ಬೆಂಗಳೂರು ಆಡುಗೋಡಿಯ ಮೈಕೋ ಸ್ಪಾರ್ಕ್ ಪ್ಲಗ್ ಕೊಟ್ಟಿತು. ಕಾರಿಟ್ಟ ಕನ್ನಡಿಗರ ಮನೆಯಲ್ಲಿ ಮೈಕೋ ಪ್ಲಗ್ಗಿನ ಹೆಸರು ಗೊತ್ತಿಲ್ಲದವರು ಆಗ ಅಪರೂಪ.

ಕಿಟ್‌ನ ಡಬ್ಬಿಯಲ್ಲಿ ಇರುವುದು ಕಡಿಮೆ. ಕ್ಯಾಮಿನ ಮೇಲೆ ಕೂರುವ ಒಂದು ಕಪ್ಪು ಉಂಗುರ, ಅದರೊಳಗೆ ನಾಲ್ಕು ಪುಟ್ಟ ಅಯಸ್ಕಾಂತ. ಪಾಯಿಂಟ್ ಜಾಗಕ್ಕೆ ಒಂದು ಮಾಡ್ಯೂಲ್. ಅಯಸ್ಕಾಂತ ಎದುರು ಹಾಯ್ದಾಗ ಮಾಡ್ಯೂಲಿನ ಹಾಲ್ ಸೆನ್ಸರ್ ಅದನ್ನು ಗುರುತಿಸಿ, ಟ್ರಾನ್ಸಿಸ್ಟರ್ ಮೂಲಕ ಕಾಯಿಲ್‌ನ ಹರಿವನ್ನು ಕಡಿಯುತ್ತದೆ. ಉಜ್ಜುವ ಭಾಗವಿಲ್ಲ, ಸುಡುವ ಗುಂಡಿಯಿಲ್ಲ, ಗ್ಯಾಪ್ ನೋಡುವ ಕೆಲಸವಿಲ್ಲ. ಹೊರಗೆ ಬರುವುದು ಎರಡೇ ವೈರು: ಕೆಂಪು ಕಾಯಿಲ್‌ನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ.

ಎರಡೇ ವೈರು ಎಂಬುದನ್ನು ನಂಬಿ ಹತ್ತು ನಿಮಿಷದಲ್ಲಿ ಕೂಡಿಸಿ, ವಾರದೊಳಗೆ ಮಾಡ್ಯೂಲ್ ಸುಟ್ಟುಕೊಂಡು, ಎಲೆಕ್ಟ್ರಾನಿಕ್ ಹಳೇ ಗಾಡಿಗೆ ಆಗಿಬರುವುದಿಲ್ಲ ಎಂದು ತೀರ್ಮಾನ ಕೊಡುವವರು ತುಂಬ ಮಂದಿ. ನನ್ನ ಅಭಿಪ್ರಾಯದಲ್ಲಿ ಕಿಟ್ ಕೆಡುವುದಕ್ಕಿಂತ ಹೆಚ್ಚಾಗಿ ಗಾಡಿಯ ಐವತ್ತು ವರ್ಷದ ವೈರಿಂಗ್ ಕಿಟ್ಟನ್ನು ಕೆಡಿಸುತ್ತದೆ. ಇಲ್ಲಿಗೆ ಬಂದು ಈ ಕೆಲಸವನ್ನು ನಿಂತು ನೋಡಬೇಕು ಅನ್ನಿಸಿದ್ದೂ ಅದಕ್ಕೇ. ಈ ಹುಡುಗ ಕಿಟ್ ಮುಟ್ಟುವ ಮೊದಲು ಅರ್ಧ ದಿನ ಹಳೆಯ ವೈರುಗಳ ಹಿಂದೆ ಬಿದ್ದ.

ಮೊದಲು ಬ್ಯಾಟರಿ. ಬ್ರಿಟಿಷ್ ಅಚ್ಚಿನ ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಕಟ್ಟುವ ರೂಢಿಯಿತ್ತು. ಈಗಿನ ಕಿಟ್‌ಗಳು ಹೆಚ್ಚಿನವು ಮೈನಸ್ ಅರ್ಥ್ ಗಾಡಿಗೆ ಮಾಡಿದವು; ಪ್ಲಸ್ ಅರ್ಥ್‌ಗೆ ಬೇರೆ ಕಿಟ್ ಬೇಕು. ಅದಲುಬದಲಾದರೆ ಕೀ ತಿರುಗಿಸಿದ ಕ್ಷಣವೇ ಮಾಡ್ಯೂಲ್ ಹೋಗುತ್ತದೆ. ಬಾಡಿಗೆ ಬೋಲ್ಟ್ ಆಗಿರುವ ದಪ್ಪ ಕೇಬಲ್ಲನ್ನು ಬ್ಯಾಟರಿಯವರೆಗೆ ಕೈಯಲ್ಲಿ ಹಿಡಿದು ಹೋಗಿ ನೋಡಿದ. ಮೈನಸ್. ಆಮೇಲೆ ಕಾಯಿಲ್. ಹಳೆಯ ಕಾಯಿಲ್ ಮೇಲೆ ಪ್ಲಸ್ ಮೈನಸ್ ಬರೆದಿರಲಿಲ್ಲ. 'ಎಸ್‌ಡಬ್ಲ್ಯು', 'ಸಿಬಿ' ಎಂಬ ಅಕ್ಷರಗಳಿದ್ದವು. ಒಂದು ಸ್ವಿಚ್ಚಿನ ಕಡೆ, ಇನ್ನೊಂದು ಪಾಯಿಂಟಿನ ಕಡೆ. ಇಂಥ ಕಾಯಿಲ್ ಪ್ಲಸ್ ಅರ್ಥ್ ಕಾಲದ್ದಾಗಿದ್ದರೆ, ಮುಂದೆ ಯಾರೋ ಗಾಡಿಯನ್ನು ಮೈನಸ್‌ಗೆ ಬದಲಿಸಿದ್ದರೆ, ಕಾಯಿಲ್ ವೈರುಗಳನ್ನೂ ಅದಲುಬದಲು ಮಾಡಿರಬೇಕು. ಮಾಡದಿದ್ದರೂ ಗಾಡಿ ಓಡುತ್ತದೆ, ಕಿಡಿ ಮಾತ್ರ ಬಡವಾಗಿರುತ್ತದೆ. ಅನುಮಾನಕ್ಕೆ ಎಡೆಯೇ ಬೇಡವೆಂದು ಯಜಮಾನರು ಹೊಸ ಕಾಯಿಲ್ ತರಿಸಿಟ್ಟಿದ್ದರು. ಮೀಟರ್ ಹಚ್ಚಿದರೆ ಪ್ರೈಮರಿ ಸುಮಾರು 3 ಓಮ್. ಕಾಯಿಲ್‌ಗೆ ಬರುವ ವೋಲ್ಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇಲ್ಲದ ಈ ಗಾಡಿಗೆ ಅದೇ ಸರಿ; 12 ವೋಲ್ಟಿಗೆ ನಾಲ್ಕು ಆಂಪಿಯರ್ ಮೀರುವುದಿಲ್ಲ, ಮಾಡ್ಯೂಲ್ ಬಿಸಿಯಾಗಿ ಸಾಯುವುದಿಲ್ಲ.

ಮುಂದಿನದು ನನಗೆ ಇಡೀ ದಿನದ ಮುಖ್ಯ ಭಾಗ ಅನ್ನಿಸಿತು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿಯನ್ನು ಬ್ಯಾಟರಿ ಪ್ಲಸ್‌ಗೆ ಇಟ್ಟ: 12.5. ಪಾಯಿಂಟ್ ಮುಚ್ಚಿರುವಂತೆ ಇಂಜಿನ್ ತಿರುಗಿಸಿ, ಕೀ ಹಾಕಿ, ಕೆಂಪು ಕಡ್ಡಿಯನ್ನು ಕಾಯಿಲ್‌ಗೆ ಬರುವ ವೈರಿಗೆ ಇಟ್ಟ: 10.6. ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಸೋರಿಹೋಗಿದೆ.

"ಯಜಮಾನ್ರೇ, ಇದಕ್ಕೇ ನೋಡ್ರಿ ಬಿಸಿಲಾಗೆ ನಿಂತುಬಿಡ್ತಿತ್ತು. ಸೆಲ್ಫ್ ಹೊಡೆದಾಗ ಇನ್ನೂ ಕೆಳಗೆ ಬೀಳ್ತೈತೆ" ಎಂದ.

"ಬ್ಯಾಟರಿ ಹೊಸದಲ್ಲೇನೋ ತಮ್ಮಾ?"

"ಬ್ಯಾಟರಿ ಚಲೋ ಐತ್ರಿ. ದಾರಿ ಕೆಟ್ಟೈತಿ."

ದಾರಿ ಎಂದರೆ ಬಿಳಿ ವೈರು. ಲೂಕಾಸ್ ಬಣ್ಣದ ಕಟ್ಟಳೆಯಲ್ಲಿ ಕಂದು ಬ್ಯಾಟರಿಯದು, ಬಿಳಿ ಇಗ್ನಿಷನ್ ಸ್ವಿಚ್ಚಿನಿಂದ ಬರುವುದು, ಬಿಳಿಗೆ ಕಪ್ಪು ಗೆರೆ ಇದ್ದರೆ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವುದು, ಕಪ್ಪು ಅರ್ಥ್. ಬಿಳಿ ವೈರಿಗೆ ಫ್ಯೂಸ್ ಇರುವುದಿಲ್ಲ. ಫ್ಯೂಸ್ ದಾಟಿ ಬಂದದ್ದು ಹಸಿರು. ಈ ಗಾಡಿಯಲ್ಲಿ ಅರ್ಧ ದಾರಿಯವರೆಗೆ ಬಿಳಿಯಿತ್ತು, ಆಮೇಲೆ ಯಾರೋ ಕೈಗೆ ಸಿಕ್ಕ ನೀಲಿ ವೈರನ್ನು ಹೊಸೆದು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ತಾಮ್ರ ಹಸಿರುಗಟ್ಟಿ ಕೈಗೆ ಪುಡಿಪುಡಿಯಾಗಿ ಬಂತು. ಸ್ವಿಚ್ಚಿನ ಒಳಗಿನ ಸಂಪರ್ಕವೂ ಸವೆದಿದ್ದರಿಂದ ಅಲ್ಲಿಯೂ ಒಂದಿಷ್ಟು ವೋಲ್ಟ್ ಕಳೆದುಹೋಗುತ್ತಿತ್ತು.

ಹಳೆಯ ಸ್ವಿಚ್ ಬದಲಿಸದೆ ಕಾಯಿಲ್‌ಗೆ ಪೂರ್ತಿ ವೋಲ್ಟ್ ಕೊಡುವ ದಾರಿ ಒಂದಿದೆ: ರಿಲೇ. ಹಾರ್ನ್‌ಗೆ, ಹೆಡ್‌ಲೈಟ್‌ಗೆ ಹಾಕುವ ನಾಲ್ಕು ಕಾಲಿನ ಸಾಮಾನ್ಯ ರಿಲೇಯೇ ಸಾಕು. ಬ್ಯಾಟರಿ ಪ್ಲಸ್‌ನಿಂದ 10 ಆಂಪಿಯರ್ ಫ್ಯೂಸ್ ದಾಟಿಸಿ ಹೊಸ ವೈರನ್ನು 30ನೇ ಕಾಲಿಗೆ ಕೊಟ್ಟ. 87ನೇ ಕಾಲಿನಿಂದ ಕಾಯಿಲ್ ಪ್ಲಸ್‌ಗೆ. ಹಳೆಯ ಬಿಳಿ ವೈರು 86ಕ್ಕೆ, 85 ಬಾಡಿಗೆ. ಈಗ ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ. ಕಾಯಿಲ್‌ನ ಹೊರೆ ಪೂರ್ತಿ ಹೊಸ ವೈರಿನ ಮೇಲೆ. ಕೀ ಹಾಕಿ ಮತ್ತೆ ಅಳೆದಾಗ ಕಾಯಿಲ್ ಪ್ಲಸ್‌ನಲ್ಲಿ 12.3. ಯಜಮಾನರು ಮೀಟರನ್ನು ತಮ್ಮ ಕೈಗೆ ತೆಗೆದುಕೊಂಡು ಇನ್ನೊಮ್ಮೆ ನೋಡಿದರು.

ಜೋಡಣೆಗಳನ್ನು ಅವನು ಹೊಸೆಯಲಿಲ್ಲ. ವೈರಿನ ತುದಿ ಸುಲಿದು, ಟರ್ಮಿನಲ್ ಹಾಕಿ, ಇಕ್ಕಳದಿಂದ ಒತ್ತಿ, ಜಗ್ಗಿ ನೋಡಿ, ಮೇಲೆ ಸ್ಲೀವ್ ಎಳೆದು ಬಿಸಿ ಮಾಡಿದ. ಇಂಜಿನ್ ನಡುಗುವ ಜಾಗದಲ್ಲಿ ಬರೀ ಬೆಸುಗೆ ಹಾಕಿದ ಕಡೆ ವೈರು ಗಡುಸಾಗಿ ಅಂಚಿನಲ್ಲಿ ಮುರಿಯುತ್ತದೆ. ಸರಿಯಾಗಿ ಒತ್ತಿದ ಟರ್ಮಿನಲ್ ಬಾಳಿಕೆ ಬರುತ್ತದೆ.

ಇನ್ನು ಅರ್ಥ್. ಎರಡೇ ವೈರಿನ ಮಾಡ್ಯೂಲ್‌ಗೆ ಮೂರನೆಯ ದಾರಿ ಡಿಸ್ಟ್ರಿಬ್ಯೂಟರಿನ ಮೈ. ಪಾಯಿಂಟ್ ಕೂರುವ ತಟ್ಟೆ, ಇಂಜಿನ್ನಿನ ಹೊರೆಗೆ ತಕ್ಕಂತೆ ಕಿಡಿಯ ಗಳಿಗೆ ಬದಲಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಂತೆಲ್ಲ, ತುಸು ತಿರುಗುತ್ತದೆ. ಆ ತಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಬೆರಳುದ್ದವೂ ಇಲ್ಲದ ಒಂದು ಮೆತ್ತನೆಯ ಬಟ್ಟೆ ಹೊದಿಕೆಯ ವೈರು ಹೋಗಿರುತ್ತದೆ. ಟಾರ್ಚ್ ಬಿಟ್ಟು ತೋರಿಸಿದ. ಹೊದಿಕೆ ಇದೆ, ಒಳಗಿನ ಎಳೆಗಳು ಎರಡೋ ಮೂರೋ ಉಳಿದಿವೆ. ಪಾಯಿಂಟ್ ಇದ್ದಾಗ ತಟ್ಟೆಯ ಕೀಲಿನ ಮೂಲಕ ಹೇಗೋ ಹರಿದು ಕೆಲಸ ಸಾಗುತ್ತಿತ್ತು. ಒಮ್ಮೆ ಹಿಡಿಯುವುದು, ಒಮ್ಮೆ ಬಿಡುವುದು. ಮಾಡ್ಯೂಲ್‌ಗೆ ಇದು ಆಗದು. ತೆಳು ಎಳೆಗಳ ಮೆತ್ತನೆಯ ಹೊಸ ವೈರನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ, ಎರಡು ಕಡೆ ಪುಟ್ಟ ಉಂಗುರ ಟರ್ಮಿನಲ್ ಒತ್ತಿ, ತಟ್ಟೆ ಪೂರ್ತಿ ತಿರುಗಿದರೂ ಬಿಗಿಯಾಗದಂತೆ ಕೂರಿಸಿದ. ಆಮೇಲೆ ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ. ಇಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಈ ಪಟ್ಟಿಯೇ ಅದಕ್ಕೆ ಅರ್ಥ್. ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು, ಎಣ್ಣೆ ಜಿಡ್ಡೆಲ್ಲ ಹೋಗಿ ಲೋಹ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ತಿಕ್ಕಿದ.

ಇಷ್ಟಾದ ಮೇಲೆ ಕಿಟ್ ಕೂಡಿಸುವುದಕ್ಕೆ ಚಹ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಪಾಯಿಂಟ್, ಕಂಡೆನ್ಸರ್ ಬಿಚ್ಚಿದ, ತಟ್ಟೆ ಒರೆಸಿದ, ಮಾಡ್ಯೂಲಿನ ಅಡಿಗೆ ಶಾಖ ದಾಟಿಸುವ ಪೇಸ್ಟ್ ಹಚ್ಚಿ ಸ್ಕ್ರೂ ಬಿಗಿದ, ಉಂಗುರವನ್ನು ಕ್ಯಾಮಿನ ಮೇಲೆ ಒತ್ತಿದ, ಜೊತೆಗೆ ಬಂದ ಪ್ಲಾಸ್ಟಿಕ್ ಪಟ್ಟಿಯನ್ನು ನಡುವೆ ತೂರಿಸಿ ಅಂತರ ನೋಡಿದ. ವೈರುಗಳು ಡಿಸ್ಟ್ರಿಬ್ಯೂಟರಿನ ಮೈಯಿಂದ ಹೊರಬರುವ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿದ. ಅದಿಲ್ಲದಿದ್ದರೆ ಲೋಹದ ಅಂಚು ಕೆಲವೇ ತಿಂಗಳಲ್ಲಿ ವೈರಿನ ಸಿಪ್ಪೆ ಕೊಯ್ದು ಶಾರ್ಟ್ ಮಾಡುತ್ತದೆ. ಪ್ಲಗ್ ವೈರುಗಳನ್ನೂ ಬದಲಿಸಿದ. ಬರೀ ತಾಮ್ರದ ಎಳೆಯ ಹಳೆಯ ವೈರು ಎಬ್ಬಿಸುವ ರೇಡಿಯೋ ಗದ್ದಲಕ್ಕೆ ಕೆಲವು ಮಾಡ್ಯೂಲ್ ದಾರಿ ತಪ್ಪುತ್ತವೆ, ರೆಸಿಸ್ಟನ್ಸ್ ಇರುವ ವೈರೇ ಬೇಕು. ಪ್ಲಗ್ ಗ್ಯಾಪನ್ನು ಕಂಪನಿ ಹೇಳಿದ, ಇಂಚಿನ ಸಾವಿರ ಭಾಗದಲ್ಲಿ 25ಕ್ಕೇ ಇಟ್ಟ. ಕಿಟ್ ಹಾಕಿದೆವೆಂದು ಗ್ಯಾಪ್ ಹಿಗ್ಗಿಸುವವರಿದ್ದಾರೆ. ಹಳೆಯ ಮುಚ್ಚಳ, ಹಳೆಯ ರೋಟರ್ ಇರುವ ಗಾಡಿಗೆ ಅದು ಬೇಡ.

ಮೊದಲ ಸೆಲ್ಫ್‌ಗೇ ಇಂಜಿನ್ ಎದ್ದಿತು, ಆದರೆ ಸದ್ದು ಒರಟು. ಮಾಡ್ಯೂಲ್ ಕಡಿಯುವ ಗಳಿಗೆ ಪಾಯಿಂಟ್ ತೆರೆಯುವ ಗಳಿಗೆಗೆ ಸರಿಯಾಗಿ ಹೊಂದುವುದಿಲ್ಲ, ಹೀಗಾಗಿ ಟೈಮಿಂಗ್ ಮತ್ತೆ ಹಿಡಿಯಲೇಬೇಕು. ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಸೀಮೆಸುಣ್ಣ ಹಚ್ಚಿ, ಟೈಮಿಂಗ್ ಲೈಟ್ ಬಿಟ್ಟು, ಕ್ಲ್ಯಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದ. ಗುರುತು ಮುಳ್ಳಿನ ಎದುರು ಕದಲದೆ ನಿಂತಿತು. ಸವೆದ ಪಾಯಿಂಟಿನಲ್ಲಿ ಈ ಗುರುತು ಅತ್ತಿತ್ತ ಓಲಾಡುತ್ತದೆ. ಇಲ್ಲಿ ನಾಲ್ಕೂ ಸಿಲಿಂಡರಿಗೆ ಕಿಡಿ ಒಂದೇ ಲೆಕ್ಕದಲ್ಲಿ ಬೀಳುತ್ತಿದೆ ಎಂಬುದು ಕಣ್ಣಿಗೇ ಕಂಡಿತು. ಕ್ಲ್ಯಾಂಪ್ ಬಿಗಿದು ಕೈ ಒರೆಸಿಕೊಂಡ.

"ಇಂಜಿನ್ ನಿಂತಾಗ ಕೀ ಹಾಕಿ ಬಿಡಬ್ಯಾಡ್ರಿ ಯಜಮಾನ್ರೇ. ಕಾಯಿಲ್ ಕಾದು ಮಾಡ್ಯೂಲ್ ಹೋಗ್ತೈತೆ."

ಮಧ್ಯಾಹ್ನದ ಬಿಸಿಲಿನಲ್ಲೇ ಗಾಡಿ ಹೊರಗೆ ತೆಗೆದರು. ನಾನು ಹಿಂದಿನ ಸೀಟು. ವಿಜ್ಞಾನ ಸಂಸ್ಥೆಯ ಗೇಟು ದಾಟಿ, ಕಾವಲಿನ ಉದ್ದಕ್ಕೂ, ನಾಯಕನಹಟ್ಟಿ ದೇವಸ್ಥಾನದವರೆಗೆ ಹೋಗಿ, ಇಂಜಿನ್ ಆರಿಸಿ, ಬಿಸಿ ಇರುವಾಗಲೇ ಮತ್ತೆ ಎಬ್ಬಿಸಿದರು. ಅಷ್ಟು ದಿನ ತಕರಾರು ಮಾಡುತ್ತಿದ್ದದ್ದೇ ಬಿಸಿ ಇಂಜಿನ್. ಈಗ ಅರ್ಧ ಸುತ್ತಿಗೇ ಹಿಡಿಯಿತು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಇದ್ದ ತಡವರಿಕೆ ಇಲ್ಲ. ಇಂಜಿನ್ ಶಕ್ತಿ ಹೆಚ್ಚಿತೆಂದು ಹೇಳಲಾರೆ. ಕಿಟ್ ಮಾರುವವರು ಹಾಗೆ ಹೇಳುತ್ತಾರೆ. ಹೊಸದಿದ್ದಾಗ ಇದ್ದ ಶಕ್ತಿ ಮರಳಿತು, ಅದು ದಿನವೂ ಒಂದೇ ಸಮ ಇರುತ್ತದೆ. ಹಳೆಯ ಕಾರಿಗೆ ಬೇಕಾದದ್ದು ಅಷ್ಟೇ.

ಪಾಯಿಂಟ್ ತೆಗೆದರೆ ಗಾಡಿಯ ಹಳೆತನ ಹೋಯಿತೆಂದು ಬೇಸರಪಡುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳು 'ವಿಎ' ಅಕ್ಷರಗಳ ವಿಂಟೇಜ್ ನಂಬರ್ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಚಾಸಿ, ಬಾಡಿ, ಇಂಜಿನ್ ಬದಲಿಸಿದ ಗಾಡಿಗೆ ಅದು ಸಿಗದು. ಮುಚ್ಚಳದೊಳಗಿನ ಈ ಬದಲಾವಣೆಗೆ ಗಾಡಿಯ ಯಾವ ಭಾಗವನ್ನೂ ಕೊರೆದಿಲ್ಲ, ಕತ್ತರಿಸಿಲ್ಲ. ಅರ್ಧ ಗಂಟೆಯಲ್ಲಿ ಪಾಯಿಂಟ್ ಮರಳಿ ಕೂರಿಸಬಹುದು. ಯಜಮಾನರು ಹಳೆಯ ಪಾಯಿಂಟಿನ ಸ್ಕ್ರೂಗಳನ್ನೂ ಬಿಡದೆ, ಒಂದು ಹೊಸ ಪಾಯಿಂಟ್, ಒಂದು ಹೊಸ ಕಂಡೆನ್ಸರ್ ಸೇರಿಸಿ ಡಬ್ಬಿಗೆ ತುಂಬಿ ಡಿಕ್ಕಿಯಲ್ಲಿಟ್ಟರು. ಮಾಡ್ಯೂಲ್ ಕೆಟ್ಟರೆ ರಸ್ತೆ ಬದಿಯಲ್ಲಿ ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿಯಾದರೂ ಮನೆ ಮುಟ್ಟಬಹುದು.

ಮನೆಯ ಶೆಡ್ಡಿನಲ್ಲಿ ಅಂಬಾಸಿಡರೋ ಪದ್ಮಿನಿಯೋ ನಿಂತಿರುವವರಿಗೆ ನನ್ನದೊಂದೇ ಕೇಳಿಕೆ. ಕಿಟ್ ತರಿಸುವ ಮೊದಲು ಪಾಯಿಂಟ್ ಮುಚ್ಚಿರುವಾಗ ಕೀ ಹಾಕಿ ಕಾಯಿಲ್ ಪ್ಲಸ್‌ನ ವೋಲ್ಟ್ ಅಳೆಯಿರಿ. ಬ್ಯಾಟರಿಯದಕ್ಕಿಂತ ಅರ್ಧ ವೋಲ್ಟಿಗೂ ಮೀರಿ ಕಡಿಮೆ ಇದ್ದರೆ ಮೊದಲು ರಿಲೇ, ವೈರು, ಅರ್ಥ್ ಪಟ್ಟಿಗೆ ಹಣ ಹಾಕಿ. ಕಿಟ್ ಆಮೇಲೆ ಕೊಂಡರಾಯಿತು.